ಕಡಲೆಕಾಯಿ ಪೊಟ್ಟಣದಲ್ಲಿ ಊರಿನ ಚರಿತ್ರೆ

ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಬಸ್ಸಿಗೆ ಕಾಯುವವರು ಕಡಲೆಕಾಯಿ ತಿಂದು ಮುಗಿಸಿದ ಮೇಲೆ ಪೊಟ್ಟಣ ಬಿಡಿಸಿ ಓದುವುದುಂಟು. ಜಾವಗಲ್ಲು, ಹಳೇಬೀಡು ದಾಟಿ ಬೇಲೂರಿಗೆ ಹೋಗೋ ಬಸ್ಸು ಹೊರಡುವತನಕ ಬೇರೆ ಕೆಲಸವಾದರೂ ಏನಿದೆ? ಮೊಬೈಲಿನ ಚಾರ್ಜು ಮುಗಿದಿದ್ದರಂತೂ ಇದೊಂದೇ ಗತಿ. ಹತ್ತಕ್ಕೆ ಒಂಬತ್ತು ಸಲ ಸಿಗೋದು ಯಾವನೋ ಹುಡುಗನ ಲೆಕ್ಕದ ನೋಟ್ಸು, ಇಲ್ಲವೇ ಬ್ಯಾಂಕಿನ ಹಳೇ ಚಲನ್ನು. ಹತ್ತನೇ ಸಲ ಮಾತ್ರ ಮಾಸಿದ ನೀಲಿ ಮಸಿ, ಮುತ್ತು ಪೋಣಿಸಿದ ಹಾಗಿರೋ ಅಕ್ಷರ, ಮೇಲೆ 'ಉಭಯ ಕುಶಲೋಪರಿ ಸಾಂಪ್ರತ'. ಯಾರೋ ಮೇಷ್ಟ್ರು ಇನ್ಯಾರಿಗೋ ಬರೆದ ಪತ್ರ. ಶಾಲೆ ಕಟ್ಟಡಕ್ಕೆ ಯಾರು ಎಷ್ಟು ಕೊಟ್ಟರು, ಯಾರು ಕೊಡ್ತೀನಿ ಅಂದು ಆಮೇಲೆ ಕೈಯೆತ್ತಿದರು ಅನ್ನೋ ಕಡೆಗೆ ಬರುವಷ್ಟರಲ್ಲಿ ಹಾಳೆ ಹರಿದಿರುತ್ತದೆ. ಇನ್ನರ್ಧ ಯಾರದೋ ಕೈಯಲ್ಲಿ ಕಡೂರು ಬಸ್ಸು ಹತ್ತಿ ಹೋಗಿರುತ್ತದೆ.

ಕಡಲೆಕಾಯಿ ಮಾರುವವನ ತಪ್ಪೇನೂ ಇಲ್ಲ. ಅವನು ಗುಜರಿಯಿಂದ ತಂದ. ಗುಜರಿಯವರು ಮನೆಯಿಂದ ತಂದರು. ಮನೆಯವರದ್ದಾದರೂ ಏನು ತಪ್ಪು? ರಿಟೈರಾಗಿದ್ದ ಮೇಷ್ಟ್ರು ತೀರಿಕೊಂಡರು. ಮಗ ಬೆಂಗಳೂರಲ್ಲಿ, ಮಗಳು ಅಮೆರಿಕದಲ್ಲಿ. ತಿಥಿ ಊಟ ಮುಗಿಸಿ, ಮನೆ ಬಾಡಿಗೆಗೆ ಕೊಡಬೇಕು ಅಂತ ಅಟ್ಟದ ಮೇಲಿನ ಸಾಮಾನು ಇಳಿಸ್ತಾರೆ. ಹಿತ್ತಾಳೆ ಪಾತ್ರೆ ಒಂದು ಕಡೆ, ಕಬ್ಬಿಣ ಒಂದು ಕಡೆ, ಕಾಗದ ಒಂದು ಕಡೆ. ಹಿತ್ತಾಳೆಗೆ ಜಗಳ ಆಗುತ್ತದೆ. ಕಾಗದಕ್ಕೆ ಯಾರೂ ಜಗಳ ಆಡೋದಿಲ್ಲ. ಗಾಡಿಯವನು ತೂಕ ಹಾಕಿ ದುಡ್ಡು ಎಣಿಸಿ ಕೊಟ್ಟು ಹೋದರೆ ಮೇಷ್ಟ್ರ ನಲವತ್ತು ವರ್ಷ ಮುಗಿದಂತೆ.

ಆ ಕಾಗದ ಹೋಗಬೇಕಾದ್ದು ಎಲ್ಲಿಗೆ? ಬೆಂಗಳೂರಿಗೂ ಅಲ್ಲ, ದಿಲ್ಲಿಗೂ ಅಲ್ಲ. ಊರಿನ ಕಾಲೇಜಿಗೆ. ಮೇಷ್ಟ್ರ ಶಿಷ್ಯರು ಓದಿದ್ದು ಅಲ್ಲೇ, ಶಿಷ್ಯರ ಮೊಮ್ಮಕ್ಕಳು ಈಗ ಓದುತ್ತಿರೋದೂ ಅಲ್ಲೇ. ಅರಸೀಕೆರೆ, ಬೇಲೂರು, ಹಳೇಬೀಡಿನ ಪ್ರತಿ ಕಾಲೇಜಿನ ಲೈಬ್ರರಿಯಲ್ಲೂ ಇದಕ್ಕೇ ಅಂತ ಒಂದು ಕಬ್ಬಿಣದ ಬೀರು, ಒಂದು ರಿಜಿಸ್ಟರು, ಬೀಗದ ಕೈಗೆ ಒಬ್ಬ ಹೊಣೆಗಾರ ಇರಬೇಕು. ಕೇಳುತ್ತಿರೋದು ಇಷ್ಟೇ. ಶಂಕುಸ್ಥಾಪನೆ ಬೇಡ, ಶಾಮಿಯಾನ ಬೇಡ, ಮಂತ್ರಿಗಳು ಬರೋದೂ ಬೇಡ.

ದೊಡ್ಡವರು ಅಂದರೆ ಯಾರು?

ಇಲ್ಲಿ ಒಂದು ಮಾತು ಎದ್ದೇ ಏಳುತ್ತದೆ. 'ಅಲ್ರೀ, ಬೀರು ಇಟ್ಟರೆ ಅದರೊಳಗೆ ಇಡೋದು ಯಾರ ಕಾಗದ? ತಾಲ್ಲೂಕಿನಲ್ಲಿ ಅಂಥ ದೊಡ್ಡ ಮನುಷ್ಯರು ಯಾರಿದ್ದಾರೆ?' ಅಂತ. ಪ್ರಶಸ್ತಿ ಬಂದವರು, ಪುತ್ಥಳಿ ಆದವರು ಮಾತ್ರ ದೊಡ್ಡವರು ಅನ್ನೋ ಅಭ್ಯಾಸ ಆಗಿಹೋಗಿದೆ. ಹಾಗೆ ನೋಡಿದರೂ ಜಿಲ್ಲೆ ಬಡವಾಗೇನೂ ಇಲ್ಲ. 'ಅಮೆರಿಕದಲ್ಲಿ ಗೊರೂರು' ಬರೆದು ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಹಾಸನ ತಾಲ್ಲೂಕಿನವರು. ಆದರೆ ಕಾಲೇಜಿನ ಬೀರು ಬೇಕಾಗಿರೋದು ಗೊರೂರರ ಮಟ್ಟದವರಿಗೆ ಮಾತ್ರ ಅಲ್ಲ. ಊರಿಗೆ ಹೈಸ್ಕೂಲು ತಂದ ಮೇಷ್ಟ್ರು, ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದು ಡೈರಿ ಬರೆದಿಟ್ಟವರು, ಕಂಪನಿ ನಾಟಕದ ಹಾಡುಗಳನ್ನೆಲ್ಲಾ ನೋಟ್ ಬುಕ್ಕಿಗೆ ಇಳಿಸಿಕೊಂಡ ಹಾರ್ಮೋನಿಯಂ ಮೇಷ್ಟ್ರು, ಕಾಲೇಜಿಗೆ ಜಾಗ ಬಿಟ್ಟ ಪಟೇಲರು, ಅದೇ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ಹೆಸರು ತಗೊಂಡ ಕನ್ನಡ ಪಂಡಿತರು, ಇವರೆಲ್ಲಾ ಊರಿನ ಮಟ್ಟಿಗೆ ದೊಡ್ಡವರೇ. ಇವರ ಕಾಗದಕ್ಕೆ ಬೆಂಗಳೂರಿನಲ್ಲಿ ಯಾರೂ ಬಾಗಿಲು ತೆಗೆಯೋದಿಲ್ಲ. ಊರಲ್ಲೇ ತೆಗೆಯಬೇಕು.

ವರ್ತಕರನ್ನಂತೂ ಬಿಡೋ ಹಾಗೇ ಇಲ್ಲ. ಕೊಬ್ಬರಿ ಮಂಡಿಯಲ್ಲಿ ದಿನದಿನದ ಧಾರಣೆ ಬರೆದಿಟ್ಟ ಒಬ್ಬ ಸಾಹುಕಾರರ ಲೆಕ್ಕದ ಪುಸ್ತಕ ಸಿಕ್ಕರೆ, ಯಾವ ವರ್ಷ ಮಳೆ ಕೈಕೊಟ್ಟಿತು, ಯಾವ ವರ್ಷ ಮದುವೆಗಳು ಜಾಸ್ತಿ ಆದವು, ಯಾವಾಗ ರೈಲಿನ ಗೂಡ್ಸು ಬಿಟ್ಟು ಲಾರಿಗೆ ಮಾಲು ಹಾಕಲು ಶುರು ಮಾಡಿದರು ಅನ್ನೋದೆಲ್ಲಾ ಅದರಲ್ಲೇ ಕೂತಿರುತ್ತದೆ. ಗೆಜೆಟಿಯರಿನಲ್ಲಿ ಇಂಥದ್ದು ಸಿಗುವುದಿಲ್ಲ.

'ಕಡತ' ಅನ್ನೋ ಪದವನ್ನೇ ನೋಡಿ. ಈಗ ಅದು ತಾಲ್ಲೂಕು ಕಚೇರಿಯ ಫೈಲು, ಮುಂದೆ ಹೋಗದ ವಸ್ತು! ಮೊದಲು ಅದು ಬಟ್ಟೆಯ ಪುಸ್ತಕ. ಉದ್ದನೆ ಬಟ್ಟೆಗೆ ಹುಣಿಸೇಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯೋದು. ಶಾನುಭೋಗರಷ್ಟೇ ಅಲ್ಲ, ಅಂಗಡಿಯವರೂ ಲೆಕ್ಕಪತ್ರ ಇಡುತ್ತಿದ್ದದ್ದು ಇದರಲ್ಲೇ. ೧೯೬೧ರ ಕಾನೂನಿನಿಂದ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ರದ್ದಾದವು. ಸರ್ಕಾರಿ ಲೆಕ್ಕ ಸರ್ಕಾರಕ್ಕೆ ಹೋಯಿತು. ಮನೆಯ ಸ್ವಂತ ಕಡತಗಳು ಮಾತ್ರ ಅಟ್ಟ ಹತ್ತಿ ಕೂತವು. ಕೆಲವು ಮನೆಗಳಲ್ಲಿ ಇನ್ನೂ ಇವೆ. ಸೊಸೆಯಂದಿರು ಕಪ್ಪು ಬಟ್ಟೆ ಅಂತ ಬಿಸಾಕದಿದ್ದರೆ ಪುಣ್ಯ.

ಕಲ್ಲಿಗಿರುವ ಭಾಗ್ಯ

ಬೇಲೂರಿನಲ್ಲಿ ವಿಷ್ಣುವರ್ಧನ ೧೧೧೭ರಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ. ಆ ಗುಡಿಗೆ ಬಂದು ಕೆತ್ತಿದವರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರೂ ತಾವು ಮಾಡಿದ ವಿಗ್ರಹದ ಕೆಳಗೆ ಹೆಸರು ಹಾಕಿಕೊಂಡಿದ್ದಾರೆ. ಒಂಬೈನೂರು ವರ್ಷದ ಮೇಲೂ ಗೈಡುಗಳು ಅಪ್ಪ ಮಗನ ಹೆಸರು ಹೇಳುತ್ತಾರೆ. ೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೂ ಏರಿದವು. ಸಂತೋಷ. ಕಲ್ಲಿಗೆ ಕಾವಲಿದೆ, ಬೇಲಿಯಿದೆ, ಈಗ ಲೋಕದ ಕಣ್ಣೂ ಇದೆ.

ಶಾಸನಗಳ ಗತಿಯೂ ಪರವಾಗಿಲ್ಲ. ಬಿ.ಎಲ್. ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳನ್ನು ೧೯೦೨ರಲ್ಲೇ ಅಚ್ಚು ಹಾಕಿಸಿದರು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದವರು ಪರಿಷ್ಕರಿಸಿ ಹೊಸದಾಗಿ ತಂದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ೯ನೇ ಸಂಪುಟ ಬೇಲೂರಿಗೆ, ೧೦ನೇ ಸಂಪುಟ ಅರಸೀಕೆರೆಗೆ ಮೀಸಲು. ಒಂದೊಂದು ತಾಲ್ಲೂಕಿಗೆ ಒಂದೊಂದು ದಪ್ಪ ಪುಸ್ತಕ! ಬಲ್ಲಾಳರ ಕಾಲದಲ್ಲಿ ಯಾವ ದೇವರಿಗೆ ಯಾರು ಗದ್ದೆ ಬಿಟ್ಟರು, ಯಾವ ಕೆರೆ ಯಾರು ಕಟ್ಟಿಸಿದರು ಅಂತ ಕೇಳಿದರೆ ಪುಟ ತಿರುವಿ ಹೇಳಬಹುದು. ಅದೇ ಊರಿನ ಹೈಸ್ಕೂಲನ್ನು ೧೯೫೦ರ ಸುಮಾರಿಗೆ ಯಾರು ಓಡಾಡಿ ತಂದರು ಅಂತ ಕೇಳಿದರೆ? ಬಾಯಿಮಾತೇ ಗತಿ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪೋದಿಲ್ಲ.

ಕಾಗದ ಏನು ಮಾಡಬಲ್ಲದು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಬೇಲೂರು ಗುಡಿಯ ಮೇಲೆ ೧೯೧೯ರಲ್ಲಿ ಪುಸ್ತಕ ತಂದ ಆರ್. ನರಸಿಂಹಾಚಾರ್ಯರೇ ಅದಕ್ಕೆ ಮೂರು ವರ್ಷ ಮೊದಲು ಶೃಂಗೇರಿ ಮಠದ ಕಾಗದಗಳ ನಡುವೆ ಟಿಪ್ಪು ಸುಲ್ತಾನ ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳನ್ನು ಕಂಡರು. ೧೭೯೧ರಲ್ಲಿ ಮರಾಠಾ ದಂಡು ಮಠವನ್ನು ಲೂಟಿ ಮಾಡಿದ ಮೇಲೆ ಬರೆಸಿದ ಪತ್ರಗಳೂ ಅದರಲ್ಲಿವೆ. ಅವತ್ತಿನಿಂದ ಟಿಪ್ಪುವಿನ ಮಾತು ಬಂದಾಗಲೆಲ್ಲಾ, ಹೊಗಳುವವರೂ ತೆಗಳುವವರೂ, ಆ ಪತ್ರಗಳಿಗೆ ಉತ್ತರ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಮಠದವರು ಹಳೇ ಕಾಗದ ಅಂತ ಬಚ್ಚಲ ಒಲೆಗೆ ಹಾಕಿದ್ದರೆ?

ಮೈಸೂರಿನ ಕತೆಯೂ ಅಂಥದ್ದೇ. ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂದು ಒಪ್ಪಿಸಿದರು. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! ೧೯೦೯ರಲ್ಲಿ ಅಚ್ಚಾಯಿತು, ಲೋಕವೇ ಬೆರಗಾಯಿತು. ಶಾಸ್ತ್ರಿಗಳ ಪಾಂಡಿತ್ಯ ದೊಡ್ಡದು, ಸರಿ. ಆದರೆ ತಂದುಕೊಡಲು ಒಂದು ಬಾಗಿಲು ಇತ್ತಲ್ಲ, ಅದನ್ನು ಮರೆಯಬಾರದು.

ಹೋದದ್ದು ಎಷ್ಟು ದೂರ!

ಜಿಲ್ಲೆಯಲ್ಲಿ ಅಂಥ ಬಾಗಿಲು ಇಲ್ಲದ್ದರಿಂದ ಒಳ್ಳೇದೆಲ್ಲಾ ದೂರ ಹೋಗೋದು ಹೊಸದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಡಾ. ಎಂ.ಎಚ್. ಕೃಷ್ಣ ಪತ್ತೆ ಮಾಡಿದ ಶಾಸನ ಸುಮಾರು ಕ್ರಿ.ಶ. ೪೫೦ರದು, ಕನ್ನಡದ ಅತಿ ಹಳೆಯ ಶಾಸನಗಳ ಸಾಲಿನದು. ಮೂಲ ಕಲ್ಲು ಮೈಸೂರಿಗೆ ಹೋಯಿತು. ಊರಿನ ಮಂಟಪದಲ್ಲಿ ನಿಂತಿರೋದು ಫೈಬರಿನ ಪ್ರತಿ. ಹೋದದ್ದಕ್ಕೆ ದೂರೋದು ಸರಿಯಲ್ಲ ಬಿಡಿ. ಹೋಗದಿದ್ದರೆ ಅದು ಬಟ್ಟೆ ಒಗೆಯೋ ಕಲ್ಲಾಗುತ್ತಿತ್ತೋ ಏನೋ.

ಇನ್ನೂ ದೂರ ಹೋದವರು ರಾಜಾರಾವ್. 'ಕಾಂತಾಪುರ' ಕಾದಂಬರಿ ಬರೆದು ಜಗತ್ತಿಗೆಲ್ಲಾ ಗೊತ್ತಾದ ಈ ಇಂಗ್ಲಿಷ್ ಲೇಖಕರು ಹುಟ್ಟಿದ್ದು ಹಾಸನದಲ್ಲಿ, ೧೯೦೮ರ ನವೆಂಬರಿನಲ್ಲಿ. ಶುರುವಿನಲ್ಲಿ ಧಾರವಾಡದ 'ಜಯ ಕರ್ನಾಟಕ' ಪತ್ರಿಕೆಗೆ ಕನ್ನಡದಲ್ಲೂ ಬರೆದವರು. ಕೊನೆಗಾಲದಲ್ಲಿ ಅಮೆರಿಕದ ಟೆಕ್ಸಸ್ ಸೀಮೆಯ ಆಸ್ಟಿನ್ನಿನಲ್ಲಿದ್ದು ೨೦೦೬ರಲ್ಲಿ ತೀರಿಕೊಂಡರು. ಅವರ ಹಸ್ತಪ್ರತಿ, ಪತ್ರ, ಕಾಗದಗಳೆಲ್ಲಾ ಅಲ್ಲಿನ ವಿಶ್ವವಿದ್ಯಾನಿಲಯದ ಹ್ಯಾರಿ ರ್‍ಯಾನ್ಸಮ್ ಸೆಂಟರಿನಲ್ಲಿ ಭದ್ರವಾಗಿವೆ. ಅವರು ಪಾಠ ಹೇಳಿದ್ದು ಅಲ್ಲಿ, ಅದು ನ್ಯಾಯವೇ. ಆದರೆ ಹಾಸನದ ಹುಡುಗಿಯೊಬ್ಬಳು ತನ್ನೂರಿನ ಲೇಖಕನ ಕೈಬರಹ ನೋಡಬೇಕು ಅಂದರೆ ವೀಸಾ ಮಾಡಿಸಬೇಕು! ಅಲ್ಲಿನವರು ಕಾಗದದ ಬೆಲೆ ಬಲ್ಲವರು. ಆರ್.ಕೆ. ನಾರಾಯಣರ ಕಾಗದಗಳೂ ಬಾಸ್ಟನ್ ವಿಶ್ವವಿದ್ಯಾನಿಲಯಕ್ಕೆ ಸೇರಿವೆ.

ಘಟ್ಟದ ಕೆಳಗೆ ಆದದ್ದು

ಕಾಲೇಜೊಂದರಿಂದ ಇದೆಲ್ಲಾ ಆಗೋ ಕೆಲಸವೇ ಅಂತ ಕೇಳುವವರು ಒಮ್ಮೆ ಘಟ್ಟ ಇಳಿದು ಉಡುಪಿಗೆ ಹೋಗಿ ಬರಬೇಕು.

ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳ ಹೆಸರು ಕೇಳದವರಿಲ್ಲ. ೧೮೮೩ರಲ್ಲಿ ಹುಟ್ಟಿದವರು, 'ಗೊಲ್ಗೊಥಾ' ಬರೆದವರು. ಬಿ.ಎ. ಮುಗಿಸದೆ ಊರಿಗೆ ಮರಳಿದರೂ ಹಲವು ಭಾಷೆ ಕಲಿತು, ಮನೆ ತುಂಬ ಪುಸ್ತಕ ಕೂಡಿಸಿ, ರಾಜರ ಕಾಲ, ಕವಿಗಳ ಕಾಲ ಅಂತ ಇತಿಹಾಸದ ಗಂಟು ಬಿಡಿಸುತ್ತಾ ಕೂತ ಮನುಷ್ಯ. ೧೯೪೯ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಬಿರುದು ಕೊಟ್ಟಿತು. ೧೯೫೬ರಲ್ಲಿ ರಾಜ್ಯಗಳ ಗಡಿ ಎಳೆದಾಗ ಅವರ ಮಂಜೇಶ್ವರ ಕೇರಳಕ್ಕೆ ಹೋಯಿತು. ೧೯೬೩ರ ಸೆಪ್ಟೆಂಬರಿನಲ್ಲಿ ಪೈಗಳು ತೀರಿಕೊಂಡರು.

ಆಗ ಆ ಪುಸ್ತಕರಾಶಿಯ ಗತಿ ಏನಾಗಬಹುದಿತ್ತು? ಗಡಿಯ ಆಚೆ ಒಂದು ಮನೆ, ಮಳೆಗಾಲದ ಕರಾವಳಿ, ಗೆದ್ದಲು. ಆದರೆ ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜು ಇತ್ತು. ಡಾ. ಟಿ.ಎಂ.ಎ. ಪೈಗಳು ೧೯೪೯ರಲ್ಲಿ ಶುರು ಮಾಡಿದ, ಆಗಿನ್ನೂ ಹದಿನೈದು ವರ್ಷ ತುಂಬದ ಕಾಲೇಜು. ಪೈಗಳ ಪುಸ್ತಕಸಂಗ್ರಹ ಆ ಕಾಲೇಜಿಗೆ ಬಂತು. ಅಷ್ಟಕ್ಕೇ ಬೀಗ ಹಾಕಿ ಕೂರಲಿಲ್ಲ. ಗೋವಿಂದ ಪೈಗಳ ಹೆಸರಿನಲ್ಲೇ ಸಂಶೋಧನ ಕೇಂದ್ರ ಎದ್ದಿತು. ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಅದನ್ನು ಮಗುವಿನ ಹಾಗೆ ಸಾಕಿದರು. ಪೈಗಳ ಬಿಡಿ ಲೇಖನಗಳೆಲ್ಲಾ ಒಟ್ಟುಗೂಡಿ ದೊಡ್ಡ ಸಂಪುಟವಾಗಿ ಬಂದವು. ಅದೇ ಕೇಂದ್ರದಲ್ಲಿ ಕೂತು ಡಾ. ಯು.ಪಿ. ಉಪಾಧ್ಯಾಯ ಮತ್ತು ಅವರ ಬಳಗದವರು ತುಳು ನಿಘಂಟು ಸಿದ್ಧ ಮಾಡಿದರು. ೧೯೮೮ರಿಂದ ೧೯೯೭ರ ಒಳಗೆ ಆರು ಸಂಪುಟ! ಕವಿಯ ಪುಸ್ತಕಕ್ಕೆ ಜಾಗ ಕೊಡೋಣ ಅಂತ ಹೊರಟವರು ಕೊನೆಗೆ ಒಂದು ಭಾಷೆಗೇ ನಿಘಂಟು ಕೊಟ್ಟರು. ಬೀರುವಿನಲ್ಲಿ ಕಾಗದ ಇದ್ದರೆ ಅದರ ಸುತ್ತ ಓದುವವರು ಬಂದು ಕೂರುತ್ತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

'ಅದು ಮಣಿಪಾಲದವರ ಬೆಂಬಲ ಇದ್ದ ಸಂಸ್ಥೆ ಸ್ವಾಮಿ, ಸರ್ಕಾರಿ ಕಾಲೇಜಿಗೆ ಯಾರಿದ್ದಾರೆ?' ಅನ್ನೋ ಮಾತು ಬರುತ್ತದೆ. ಬರಬೇಕಾದ್ದೇ. ಸರ್ಕಾರಿ ಕಾಲೇಜಿನ ಕಷ್ಟ ಬೇರೆಯೇ. ಇಂದು ಆಸಕ್ತಿಯಿಂದ ಬೀರು ತುಂಬಿಸಿದ ಲೆಕ್ಚರರು ನಾಳೆ ಕೌನ್ಸೆಲಿಂಗಿನಲ್ಲಿ ಬೀದರಿಗೆ ಹೋಗುತ್ತಾರೆ. ಅರ್ಧ ಪಾಠ ಹೇಳುವವರು ಅತಿಥಿ ಉಪನ್ಯಾಸಕರು. ಸಂಬಳವೇ ಸರಿಯಾಗಿ ಬಾರದವರ ತಲೆ ಮೇಲೆ ಇದನ್ನೂ ಹೊರಿಸೋದು ಧರ್ಮವಲ್ಲ. ನ್ಯಾಕ್ ತಂಡ ಬರುತ್ತದೆ ಅಂದರೆ ಸುಣ್ಣ ಬಣ್ಣ ಹೊಡೆಯುವ ಭರದಲ್ಲಿ ಮೊದಲು ಹೊರಗೆ ಬೀಳೋದೇ ಹಳೇ ಕಾಗದ. ಹರಿದಾಸ ಭಟ್ಟರಂಥವರು ವರ್ಷಗಟ್ಟಲೆ ಒಂದೇ ಕಡೆ ನಿಂತಿದ್ದರಿಂದ ಉಡುಪಿಯಲ್ಲಿ ಆ ಕೆಲಸ ಆಯಿತು. ಆದ್ದರಿಂದ ಇಲ್ಲಿ ಹೊಣೆ ಒಬ್ಬ ಮೇಷ್ಟ್ರ ಮೇಲೆ ನಿಲ್ಲಬಾರದು. ರಿಜಿಸ್ಟರಿನ ಮೂರು ಪ್ರತಿ ಆಗಲಿ. ಒಂದು ಕಾಲೇಜಿನಲ್ಲಿ, ಒಂದು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ, ಒಂದು ವರ್ತಕರ ಸಂಘದಲ್ಲಿ. ಬೀಗದ ಕೈ ಎರಡಿರಲಿ. ಒಂದು ಲೈಬ್ರೇರಿಯನ್ ಹತ್ತಿರ, ಇನ್ನೊಂದು ಊರು ಬಿಟ್ಟು ಹೋಗದ ಹಳೇ ವಿದ್ಯಾರ್ಥಿಯೊಬ್ಬರ ಹತ್ತಿರ. ಪ್ರಿನ್ಸಿಪಾಲರು ಬದಲಾದಾಗ ಮೇಜು ಕುರ್ಚಿ ಎಣಿಸಿ ಒಪ್ಪಿಸೋ ಹಾಗೆ ಇದನ್ನೂ ಎಣಿಸಿ ಒಪ್ಪಿಸಲಿ.

ಮನೆಯವರಿಗೂ ಭಯ ಇರುತ್ತದೆ. ಅದನ್ನು ತಮಾಷೆ ಮಾಡಬಾರದು. ಹಳೇ ಕಾಗದ ಅಂದರೆ ಜಮೀನಿನ ವ್ಯಾಜ್ಯ, ದಾಯಾದಿ ಜಗಳ, ಯಾರ ಮನೆಯಲ್ಲಿ ಯಾರು ಸಾಲ ಮಾಡಿದ್ದರು ಅನ್ನೋ ಗುಟ್ಟು. ಕಾಲೇಜಿಗೆ ಕೊಟ್ಟರೆ ನಾಳೆ ಕೋರ್ಟಿಗೆ ಹೋದೀತು ಅನ್ನೋ ಅನುಮಾನ. ಇದಕ್ಕೆ ದಾರಿ ಇದೆ. ಕೊಡುವವರು ಬೇಡ ಅಂದ ಕಟ್ಟನ್ನು ಅವರು ಹೇಳಿದಷ್ಟು ವರ್ಷ ಯಾರೂ ಬಿಚ್ಚಬಾರದು ಅಂತ ಬರವಣಿಗೆಯಲ್ಲಿ ಒಪ್ಪಂದ ಆಗಲಿ. ಮೂಲ ಮನೆಯಲ್ಲೇ ಇರಲಿ ಅಂದವರದು ಮನೆಯಲ್ಲೇ ಇರಲಿ. ಕಾಲೇಜಿನ ಹುಡುಗರು ಹೋಗಿ ಫೋಟೊ ತೆಗೆದು ಬರಲಿ. ದಿನಕ್ಕೆ ಮುನ್ನೂರು ಫೋಟೊ ತೆಗೆಯೋ ಹುಡುಗರಿಗೆ ಮೂವತ್ತು ಹಾಳೆ ಯಾವ ಲೆಕ್ಕ? ಎಪ್ಪತ್ತೈದು ವರ್ಷಕ್ಕಿಂತ ಹಳೆಯ ಕೈಬರಹದ ಗ್ರಂಥಗಳಾದರೆ ಕೇಂದ್ರ ಸರ್ಕಾರದ ಯೋಜನೆಯೇ ಇದೆ. ೨೦೦೩ರಲ್ಲಿ ಹಸ್ತಪ್ರತಿ ಮಿಷನ್ ಅಂತ ಶುರುವಾಯಿತು. ೨೦೨೫ರ ಬಜೆಟ್ಟಿನಲ್ಲಿ 'ಜ್ಞಾನ ಭಾರತಂ' ಅಂತ ಹೆಸರಿಟ್ಟು ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸರ್ವೆ ಆಗುತ್ತದೆ ಅಂದರು. ಒಂದು ಕೋಟಿಯಲ್ಲಿ ಬೇಲೂರು, ಅರಸೀಕೆರೆಯದು ನಾಲ್ಕಾದರೂ ಸೇರಬೇಡವೆ? ಸರ್ವೆಯವರು ಬಂದು ಕೇಳಿದಾಗ ತೋರಿಸಲು ಊರಲ್ಲಿ ಒಂದು ಪಟ್ಟಿಯಾದರೂ ಇರಬೇಕು.

ಇಟ್ಟುಕೊಳ್ಳೋದಕ್ಕೆ ಭಾರಿ ವಿದ್ಯೆಯೇನೂ ಬೇಡ. ಬೇಲೂರಿನ ಕಡೆ ಮಳೆ, ಥಂಡಿ, ಬೂಷ್ಟು. ಅರಸೀಕೆರೆ ಕಡೆ ಧೂಳು, ಗೆದ್ದಲು. ಎರಡು ಕಡೆಯೂ ಬೀರು ಗೋಡೆಗೆ ಅಂಟಿಕೊಂಡಿರಬಾರದು, ನೆಲದಿಂದ ಒಂದು ಗೇಣು ಮೇಲಿರಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಒಳಗೇ ಬೆವೆತು ಬೂಷ್ಟು ಹಿಡಿಯುತ್ತದೆ. ಹಿಂದಿನವರ ಹಾಗೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಜೊತೆಗೆ ಬಜೆ, ಒಣ ಬೇವಿನೆಲೆ ಇಡೋದೇ ವಾಸಿ. ಗುಂಡುಪಿನ್ನು ತುಕ್ಕು ಹಿಡಿದು ಹಾಳೆ ತಿನ್ನುತ್ತದೆ, ತೆಗೆಯಬೇಕು. ಹರಿದದ್ದಕ್ಕೆ ಸೆಲ್ಲೊಟೇಪು ಅಂಟಿಸಿದರಂತೂ ಮುಗಿದೇಹೋಯಿತು, ಹತ್ತು ವರ್ಷಕ್ಕೆ ಹಳದಿಯಾಗಿ ಅಕ್ಷರವನ್ನೂ ಕಿತ್ತುಕೊಂಡು ಬರುತ್ತದೆ. ಒಂದು ವಿಚಿತ್ರ ನೋಡಿ. ಚಿಂದಿ ಬಟ್ಟೆಯಿಂದ ಮಾಡಿದ ತೀರ ಹಳೇ ಕಾಗದ ಗಟ್ಟಿಯಾಗಿರುತ್ತದೆ. ಮರದ ತಿರುಳಿನಿಂದ ಮಾಡಿದ ಈಚಿನ ಅಗ್ಗದ ಕಾಗದವೇ ಕಂದಿ, ಹಪ್ಪಳದ ಹಾಗೆ ಮುರಿಯುತ್ತದೆ. ಅಂದರೆ ಅಜ್ಜನ ಕಾಗದಕ್ಕಿಂತ ಅಪ್ಪನ ಕಾಗದಕ್ಕೇ ಅವಸರ ಜಾಸ್ತಿ.

ಕೊನೆಗೆ ಮಾತು ಮತ್ತೆ ಅಂಗಡಿ ಬಾಗಿಲಿಗೇ ಬರುತ್ತದೆ. ಮನೆ ಖಾಲಿ ಮಾಡುವವರು ಕಾಲೇಜಿಗೆ ಫೋನು ಮಾಡೋದಿಲ್ಲ, ಗುಜರಿಯವರಿಗೇ ಮಾಡೋದು. ಆದ್ದರಿಂದ ಪ್ರಿನ್ಸಿಪಾಲರು ಮೊದಲು ಹೋಗಿ ಮಾತಾಡಬೇಕಾದ್ದು ಇಲಾಖೆಯ ಕಮಿಷನರ ಹತ್ತಿರ ಅಲ್ಲ, ಪೇಟೆ ಬೀದಿಯ ಗುಜರಿ ಸಾಬರ ಹತ್ತಿರ. 'ಸಾಬ್ರೇ, ಕೈಬರಹದ್ದು, ಹಳೇ ಫೋಟೊ, ಕಪ್ಪು ಬಟ್ಟೆ ಪುಸ್ತಕ, ತಾಳೆಗರಿ ಏನಾದರೂ ಬಂದರೆ ಒಂದು ಮೂಟೆಗೆ ಹಾಕಿಡಿ, ತಿಂಗಳಿಗೊಂದು ಸಲ ಹುಡುಗರು ಬರ್ತಾರೆ' ಅಂತ ಹೇಳಿದರೆ ಬೇಡ ಅನ್ನುವವರು ಯಾರೂ ಇಲ್ಲ. ದಿನಸಿ ಅಂಗಡಿಯವರಿಗೂ ಇದೇ ಮಾತು. ಆದರೆ ಬಿಟ್ಟಿ ಕೇಳಬಾರದು. ಅವರೂ ದುಡ್ಡು ಕೊಟ್ಟೇ ತಂದಿರುತ್ತಾರೆ. ಎಷ್ಟು ಕೆ.ಜಿ. ಆಯಿತೋ ಅಷ್ಟಕ್ಕೆ ಅವತ್ತಿನ ರೇಟು ಹಾಕಿ, ಮೇಲೆ ಹತ್ತು ರೂಪಾಯಿ ಸೇರಿಸಿ, ಹಳೇ ವಿದ್ಯಾರ್ಥಿ ಸಂಘದಿಂದ ಕೈಗೆ ಕೊಟ್ಟು ಮೂಟೆ ಹೊತ್ತುಕೊಂಡು ಹೋಗಲಿ.